ನೀರಿನ ಪಾರ್ಕಿಗೆ ಹೊರಟಿದ್ದೀರಾ? ಟಿಕೆಟ್‌ಗಿಂತ ಮೊದಲು ಒಬ್ಬ ಕಾವಲುಗಾರರನ್ನು ಗೊತ್ತುಮಾಡಿ



ಬೇಸಿಗೆ ರಜೆ ಬಂತೆಂದರೆ ಮೆಹದಿಪಟ್ಟಣಂನ ನಮ್ಮ ಕನ್ನಡದ ಮನೆಗಳಲ್ಲಿ ಎರಡು ಸಂಗತಿ ಖಾತ್ರಿ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಅಜ್ಜಿ, ಮುತ್ಯಾ, ಅಕ್ಕನ ಮಕ್ಕಳು ಬರುತ್ತಾರೆ. ಬಂದ ಮೂರನೇ ದಿನಕ್ಕೆ ಮಕ್ಕಳು "ವಂಡರ್‌ಲಾಗೆ ಯಾವಾಗ ಹೋಗೋಣ?" ಎಂದು ಹಟ ಹಿಡಿಯುತ್ತಾರೆ. 2016ರಲ್ಲಿ ರಾವಿರಾಲದಲ್ಲಿ ಆ ಪಾರ್ಕ್ ತೆರೆದ ಮೇಲೆ ನಮಗೆ ಹೋಗುವುದೂ ಸುಲಭ. ಮನೆ ಹತ್ತಿರವೇ ಪಿ.ವಿ. ಎಕ್ಸ್‌ಪ್ರೆಸ್‌ವೇ ಹತ್ತಿ ಆರಾಂಘರ್‌ನಲ್ಲಿ ಇಳಿದು, ಮುಂದೆ ಔಟರ್ ರಿಂಗ್ ರೋಡ್ ಹಿಡಿದರೆ ಆಯಿತು.

ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ವರ್ಷವಿಡೀ ಫ್ಲ್ಯಾಟಿನಲ್ಲೇ ಇರುವ ಮಕ್ಕಳಿಗೆ ಒಂದು ದಿನ ನೀರು, ಬಿಸಿಲು, ಓಡಾಟ ಬೇಕೇ ಬೇಕು. ಆದರೆ ನಾವು ಆಫರ್ ನೋಡುತ್ತೇವೆ, ಬಟ್ಟೆ ಕೊಳ್ಳುತ್ತೇವೆ, ಗಾಡಿ ಮಾತಾಡುತ್ತೇವೆ. *ಯಾರು ಯಾರನ್ನು ನೋಡಿಕೊಳ್ಳಬೇಕು* ಎಂಬುದನ್ನು ಮಾತ್ರ ಮಾತಾಡುವುದಿಲ್ಲ.

ಹೋದ ವರ್ಷ ನಾವು ಹನ್ನೊಂದು ಜನ ಒಂದು ಪಾರ್ಕಿಗೆ ಹೋಗಿದ್ದೆವು. ಅಲೆಗಳ ಕೊಳದ ಅಂಚಿನಲ್ಲಿ ತಂಗಿಯ ನಾಲ್ಕು ವರ್ಷದ ಮಗ ಆಡುತ್ತಿದ್ದ. ಅವಳು ನೋಡುತ್ತಿದ್ದಾಳೆ ಎಂದು ನಾನು, ನಾನು ನೋಡುತ್ತಿದ್ದೇನೆ ಎಂದು ಅವಳು. ಇಬ್ಬರ ಕೈಯಲ್ಲೂ ಫೋನು. ಪಕ್ಕದಲ್ಲಿದ್ದ ತೆಲುಗಿನ ಹೆಣ್ಣುಮಗಳೊಬ್ಬರು ಥಟ್ಟನೆ ಬಗ್ಗಿ ಅವನ ತೋಳು ಹಿಡಿದು ಎತ್ತಿದರು. ಮಗುವಿಗೆ ಏನೂ ಆಗಲಿಲ್ಲ. ಆದರೆ ಅವನು ಒಂದು ಸಲವೂ ಕೂಗಿರಲಿಲ್ಲ. ಎರಡಾಳು ದೂರದಲ್ಲಿದ್ದ ನಮಗೆ ಗೊತ್ತೇ ಆಗಿರಲಿಲ್ಲ.

ಮುಳುಗುವವರು ಕೈ ಬೀಸಿ ಕಿರುಚುತ್ತಾರೆ ಎಂಬುದು ಸಿನಿಮಾದ ಮಾತು. ಬಾಯಿ ನೀರಿನೊಳಗೆ ಹೋಗಿ ಬರುತ್ತಿರುವಾಗ ಉಸಿರು ಎಳೆಯುವುದೇ ಕಷ್ಟ, ಕೂಗುವುದೆಲ್ಲಿಂದ? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 1ರಿಂದ 4 ವರ್ಷದ ಮಕ್ಕಳ ಸಾವಿಗೆ ಜಗತ್ತಿನಲ್ಲಿ ನಾಲ್ಕನೇ ದೊಡ್ಡ ಕಾರಣ ನೀರಿನಲ್ಲಿ ಮುಳುಗುವುದು. ಮೊಣಕಾಲುದ್ದದ ನೀರೂ ಸಣ್ಣ ಮಗುವಿಗೆ ಸಾಕು.

ಆದ್ದರಿಂದ ನನ್ನ ಮೊದಲ ಮಾತು: *ಸರದಿ ಕಾವಲು ಹಾಕಿ.* ಇಪ್ಪತ್ತು ನಿಮಿಷ ಒಬ್ಬರು. ಆ ಹೊತ್ತು ಫೋನಿಲ್ಲ, ಹರಟೆಯಿಲ್ಲ, ಮಗು ಕೈಗೆಟುಕುವಷ್ಟು ಹತ್ತಿರ. ಸರದಿ ಮುಗಿದಾಗ ಮುಂದಿನವರಿಗೆ "ಈಗ ನೀನು" ಎಂದು ಬಾಯಿಬಿಟ್ಟು ಹೇಳಿ. ಗಾಳಿ ತುಂಬಿದ ಟ್ಯೂಬು, ತೋಳಿನ ಪಟ್ಟಿ ಆಟದ ಸಾಮಾನು, ರಕ್ಷಣೆಯಲ್ಲ. ಲೈಫ್‌ಗಾರ್ಡ್ ಇದ್ದಾರೆ ನಿಜ, ಆದರೆ ಅವರು ನೂರಾರು ಜನರನ್ನು ನೋಡಬೇಕು, ನೀವು ಒಂದು ಮಗುವನ್ನು ನೋಡಿದರೆ ಸಾಕು.

ಮುಳುಗಿದ ಮಗುವನ್ನು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ನಮ್ಮ ಕಡೆ ಇನ್ನೂ ಇದೆ. ಅದನ್ನು ಮಾಡಬೇಡಿ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಬಹುದು. ತಕ್ಷಣ ಲೈಫ್‌ಗಾರ್ಡನ್ನು ಕೂಗಿ, 108ಕ್ಕೆ ಕರೆ ಮಾಡಿ. ಉಸಿರಿಲ್ಲದಿದ್ದರೆ ಬಾಯಿಯಿಂದ ಉಸಿರು ಕೊಡುವುದು, ಎದೆ ಒತ್ತುವುದು ಕೂಡಲೇ ಶುರುವಾಗಬೇಕು. ಚೇತರಿಸಿಕೊಂಡ ಮಗು ಆಮೇಲೆ ಬಿಡದೆ ಕೆಮ್ಮಿದರೆ, ಏದುಸಿರು ಬಿಟ್ಟರೆ, ಮಂಕಾದರೆ ಆಸ್ಪತ್ರೆಗೆ ಒಯ್ಯಿರಿ.

ಎರಡನೇ ಮಾತು ಅಜ್ಜಿಯ ಬಗ್ಗೆ. "ನೀವು ಆಡಿ ಬರ್ರಿ, ನಾ ಚೀಲ ಕಾಯ್ತೀನಿ" ಎಂದು ಅವರು ಹೇಳುತ್ತಾರೆ, ನಾವು ಒಪ್ಪುತ್ತೇವೆ. ಐದು ತಾಸು ಬಿಸಿಲಲ್ಲಿ, ಶೌಚಾಲಯ ದೂರವೆಂದು ನೀರೂ ಕುಡಿಯದೆ ಕೂರುತ್ತಾರೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೈಯ ನೀರನ್ನು ಹೊರಹಾಕುತ್ತವೆ. ಅಂಥವರಿಗೆ ತಲೆ ತಿರುಗಿ ಬೀಳುವ ಅಪಾಯ ಹೆಚ್ಚು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಕಾದ ನೆಲ ಸುಟ್ಟದ್ದೂ ತಿಳಿಯುವುದಿಲ್ಲ, ಸಂಜೆ ಬೊಬ್ಬೆ ನೋಡಿದಾಗಲೇ ಗೊತ್ತು. ಲಾಕರಿಗೆ ನಾಲ್ಕು ಕಾಸು ಕೊಡಿ. ಅಜ್ಜಿಗೆ ನೆರಳು, ಕಾಲಿಗೆ ಚಪ್ಪಲಿ, ತಾಸಿಗೊಮ್ಮೆ ನೀರು, ಹೊತ್ತಿಗೆ ಸರಿಯಾಗಿ ಮಾತ್ರೆ ಮತ್ತು ಊಟ ಸಿಗಲಿ. ಹೃದ್ರೋಗಿಗಳಿಗೂ ಗರ್ಭಿಣಿಯರಿಗೂ ಎತ್ತರದ ಜಾರುಬಂಡೆ ಬೇಡವೇ ಬೇಡ.

ಮೂರನೆಯದು, ನೀರಲ್ಲಿದ್ದರೂ ಬೆವರುತ್ತೇವೆ, ಆದರೆ ತಿಳಿಯುವುದಿಲ್ಲ. ಬಾಯಾರಿಕೆಗೆ ಕಾಯದೆ ಮಕ್ಕಳಿಗೆ ಆಗಾಗ ನೀರು ಕುಡಿಸಿ. ಹೊರಗಿನ ತಿಂಡಿ ಒಳಗೆ ಬಿಡದಿದ್ದರೆ ಹೊರಡುವ ಮೊದಲೇ ರೊಟ್ಟಿ, ಮಜ್ಜಿಗೆ ತಿಂದು ಕುಡಿದು ಹೊರಡಿ. ಒಆರ್‌ಎಸ್ ಪೊಟ್ಟಣ ಜೊತೆಗಿರಲಿ, ಆದರೆ ಹೆಸರು ನೋಡಿ ಮೋಸ ಹೋಗಬೇಡಿ. ಬಣ್ಣದ ಡಬ್ಬಿಯಲ್ಲಿ ಬರುತ್ತಿದ್ದ ಸಿಹಿ ಪಾನೀಯಗಳು ಒಆರ್‌ಎಸ್ ಎಂದು ಹೆಸರು ಹಾಕಿಕೊಳ್ಳುವುದನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ತಡೆಯಿತು. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರು ನಮ್ಮ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದ ಪುಡಿಯನ್ನೇ ತಂದು, ಪೊಟ್ಟಣದಲ್ಲಿ ಹೇಳಿದಷ್ಟೇ ನೀರಿಗೆ ಪೂರ್ತಿ ಹಾಕಿ.

ಕೊನೆಯದು ಹೇಳಲು ಸಂಕೋಚ, ಆದರೂ ಹೇಳುತ್ತೇನೆ. *ಮಗುವಿಗೆ ಭೇದಿ ಇದ್ದರೆ ಟಿಕೆಟ್ ಹಾಳಾದರೂ ನೀರಿಗೆ ಇಳಿಸಬೇಡಿ.* ಕ್ಲೋರಿನ್ ಬಹಳಷ್ಟು ಕ್ರಿಮಿಗಳನ್ನು ಬೇಗ ಕೊಲ್ಲುತ್ತದೆ. ಆದರೆ ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಕ್ಲೋರಿನ್ ಇದ್ದ ನೀರಲ್ಲೂ ದಿನಗಟ್ಟಲೆ ಬದುಕುತ್ತದೆ. ಕಣ್ಣು ಉರಿಸುವ ಘಾಟು ವಾಸನೆ ಸ್ವಚ್ಛತೆಯ ಗುರುತೂ ಅಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಆ ವಾಸನೆ ಬರುತ್ತದೆ. ಇಳಿಯುವ ಮೊದಲು ಎಲ್ಲರೂ ಸ್ನಾನ ಮಾಡಿ. ಮಕ್ಕಳನ್ನು ತಾಸಿಗೊಮ್ಮೆ ಶೌಚಕ್ಕೆ ಕರೆದೊಯ್ಯಿರಿ. ಆ ನೀರು ನುಂಗಬಾರದು ಎಂದು ಹೇಳಿಕೊಡಿ.

ಸಂಜೆ ಮಕ್ಕಳು ಗಾಡಿಯಲ್ಲಿ ನಿದ್ದೆ ಹೋಗಿರಬೇಕು, ಅಜ್ಜಿ ನಗುತ್ತಾ ಮನೆಗೆ ಬರಬೇಕು. ಫೋಟೋ ನಾಲ್ಕು ಕಡಿಮೆಯಾದರೆ ನಷ್ಟವಿಲ್ಲ.

ಈ ರಜೆಯಲ್ಲಿ ಹೊರಡುವ ನಿಮ್ಮ ಬಂಧುಗಳ ಗುಂಪಿಗೂ ಇದನ್ನು ಕಳುಹಿಸಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿ.