ಮಾಳಿಗೆಯ ಸ್ವಿಚ್ ದಂಡದ ಖರ್ಚಲ್ಲ

‘ಕೆಳಗೆ ಎಂಸಿಬಿ ಇದ್ದ ಮೇಲೆ ಮಾಳಿಗೆಯ ಎಸಿ ಯೂನಿಟ್‌ಗೆ ಬೇರೆ ಸ್ವಿಚ್ ದಂಡ’ ಎಂಬ ವಾದ ಓದಿ ಸಿಟ್ಟು ಬಂತು. ಬರೆದವರು ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಮಾಳಿಗೆಯೊಂದನ್ನು ಹತ್ತಿ ನೋಡಲಿ. ಕಮಲಾಪುರದ ಮನೆಯೊಂದರಲ್ಲಿ ನಾನೇ ಕಂಡಿದ್ದೇನೆ: ಮಿಸ್ತ್ರಿ ಮೇಲೆ ಕವರ್ ಬಿಚ್ಚಿ ಕೂತಿದ್ದ, ಕೆಳಗೆ ಸೆಕೆ ತಾಳದೆ ಯಾರೋ ಎಂಸಿಬಿ ಎತ್ತಿದರು. ಸ್ವಲ್ಪ ಹೊತ್ತಿಗೆ ಫ್ಯಾನಿನ ರೆಕ್ಕೆ ಅವನ ಬೆರಳ ಪಕ್ಕದಲ್ಲೇ ತಿರುಗಿತು. ಕೂಗಿದರೆ ಕೆಳಗೆ ಕೇಳಿಸಲೇ ಇಲ್ಲ.

ಮಾಳಿಗೆಯಲ್ಲಿ ಬೇರೆ ಸ್ವಿಚ್ ಎಂಬುದು ಅಮೆರಿಕದಿಂದ ತಂದ ಶೋಕಿಯೂ ಅಲ್ಲ. ಮೋಟರಿನ ಪಕ್ಕದಲ್ಲೇ, ಕೈಗೆ ಸಿಗುವಂತೆ, ಕರೆಂಟು ಪೂರ್ತಿ ಕಡಿಯುವ ಸ್ವಿಚ್ ಇರಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳ 50ನೇ ನಿಯಮವೇ ಹೇಳಿತ್ತು. ಎಂಸಿಬಿ ಕಾಯುವುದು ವೈರನ್ನು; ಮೇಲೆ ಕೂತ ಮನುಷ್ಯನನ್ನಲ್ಲ. ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ, ಮಳೆ ನೀರು ಇಳಿಯದ ಡಬ್ಬಿಯ ಐಸೊಲೇಟರ್ ಯೂನಿಟ್ ಪಕ್ಕದ ಗೋಡೆಗೇ ಇರಲಿ. ಮಿಸ್ತ್ರಿ ತಾನೇ ಆಫ್ ಮಾಡಿ, ಬೀಗ ಹಾಕಿ, ಕೀಲಿ ಜೇಬಿಗಿಟ್ಟುಕೊಳ್ಳಲಿ.