ಹಲ್ಲುಜ್ಜದೆ ನೀರು ಕುಡಿದರೆ ಕರುಳಿಗೆ ಒಳ್ಳೆಯದೇ?

"ಬೆಳಗ್ಗೆ ಹಲ್ಲುಜ್ಜದೆ ನೀರು ಕುಡಿಯಿರಿ, ಬಾಯಿಯ ಒಳ್ಳೆಯ ಬ್ಯಾಕ್ಟೀರಿಯಾ ಕರುಳು ಸೇರುತ್ತವೆ" ಎಂಬ ಫಾರ್ವರ್ಡ್ ನಮಗೂ ಬಂದಿದೆ. ಕುಡಿದರೆ ತೊಂದರೆಯಿಲ್ಲ, ಕೊಟ್ಟ ಕಾರಣ ಮಾತ್ರ ಸರಿಯಲ್ಲ. ದಿನಕ್ಕೆ ಸುಮಾರು 1 ಲೀಟರ್ ಎಂಜಲನ್ನು ನಾವು ಹೇಗೂ ನುಂಗುತ್ತೇವೆ. ಅದರಲ್ಲಿನ ಬಹುಪಾಲು ಬ್ಯಾಕ್ಟೀರಿಯಾ ಜಠರದ ಆಮ್ಲಕ್ಕೆ ಸಿಕ್ಕಿ ಸಾಯುತ್ತವೆ.

ಚಿಂತೆ ಇರುವುದು ವಸಡಿನದು. ಹಲ್ಲಿಗಂಟಿದ ಬೆಲ್ಲ, ಪಾಂಡವಪುರದ ಆಲೆಮನೆಯದ್ದೇ ಆಗಿರಲಿ, ಹಲ್ಲಿನ ಪಾಚಿಗೆ ಆಹಾರ. ಪಾಚಿ ಕಟ್ಟಿದರೆ ವಸಡು ಊದಿ ರಕ್ತ ಬರುತ್ತದೆ. ಅಲ್ಲಿ ಬೆಳೆಯುವ ಫ್ಯೂಸೊಬ್ಯಾಕ್ಟೀರಿಯಂ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಗಳಲ್ಲೂ ಇರುವುದನ್ನು 2012ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಕ್ಯಾನ್ಸರ್ ಅದರಿಂದಲೇ ಬರುತ್ತದೆ ಎಂದು ಸಾಬೀತಾಗಿಲ್ಲ. ಹಾಗೆ ಫಾರ್ವರ್ಡ್ ಮಾಡಬೇಡಿ.

ಆಮ್ಲ ತಗ್ಗಿಸುವ ಗ್ಯಾಸ್ ಮಾತ್ರೆ ನುಂಗುವವರ ಕರುಳಲ್ಲಿ ಬಾಯಿಯ ಬ್ಯಾಕ್ಟೀರಿಯಾ ಹೆಚ್ಚು ಕಾಣುತ್ತವೆ. ಹಾಗಂತ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಹಲ್ಲುಜ್ಜುವಾಗ ರಕ್ತ ಬರುತ್ತಿದ್ದರೆ ದಂತವೈದ್ಯರಿಗೆ ತೋರಿಸಿ.