ನಿಯತ್ತಿನ ಲೆಕ್ಕಪುಸ್ತಕ

ಕಳೆದ ಭಾನುವಾರ ನೆರೆಮನೆಯ ಅಕ್ಕ ಒಂದು ಪ್ಲಾಸ್ಟಿಕ್ ತೊಟ್ಟೆ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ತೊಟ್ಟೆಯೊಳಗೆ ಹಳೆಯ ಬೀಡಿ ಪುಸ್ತಕಗಳು, ಪಿಎಫ್ ಚೀಟಿಗಳು, ಆಧಾರ್ ಕಾರ್ಡಿನ ಜೆರಾಕ್ಸ್. ಹದಿನಾರನೇ ವಯಸ್ಸಿನಲ್ಲಿ ಬೀಡಿ ಕಟ್ಟುವ ತಡ್ಪೆಯನ್ನು ಮಡಿಲಿಗೆ ಎಳೆದುಕೊಂಡವರು ಅವರು. ಈಗ ಐವತ್ತೆಂಟು ತುಂಬಿದೆ, ಪಿಂಚಣಿಗೆ ಅರ್ಜಿ ಹಾಕಬೇಕು. ಇಬ್ಬರೂ ಕುಳಿತು ಲೆಕ್ಕ ಮಾಡಿದೆವು. ದುಡಿದದ್ದು 42 ವರ್ಷ. ಪುಸ್ತಕದಲ್ಲಿ ಇರುವುದು 28. ಉಳಿದ 14 ವರ್ಷ ಎಲ್ಲಿ ಹೋಯಿತು ಎಂದು ಕೇಳಿದೆ. ಮದುವೆಯಾಗುವವರೆಗೆ ಅಮ್ಮನ ಪುಸ್ತಕಕ್ಕೆ, ಮದುವೆಯಾಗಿ ನಮ್ಮೂರು ನೆರಿಯಕ್ಕೆ ಬಂದ ಮೇಲೆ ಅತ್ತೆಯ ಪುಸ್ತಕಕ್ಕೆ ಬೀಡಿ ಕಟ್ಟಿದ್ದರಂತೆ. ಸ್ವಂತ ಪುಸ್ತಕ ಕೊಡಿ ಎಂದು ಬೀಡಿ ಕಂಪನಿಯ ಬ್ರಾಂಚಿನಲ್ಲಿ ಕೇಳಿದಾಗಲೆಲ್ಲ ಮುಂದಿನ ವರ್ಷ ನೋಡೋಣ ಎಂಬ ಉತ್ತರ.

"ನಾನು ಒಂದೇ ಕಂಪನಿಗೆ ಕಟ್ಟಿದ್ದು ಮಾರಾಯ್ರೆ. ಬೇರೆಯವರು ಸಾವಿರಕ್ಕೆ ಎರಡು ರೂಪಾಯಿ ಹೆಚ್ಚು ಕೊಡ್ತೇವೆ ಅಂದ್ರೂ ಹೋಗ್ಲಿಲ್ಲ," ಎಂದರು. ದನಿಯಲ್ಲಿ ದೂರಿಗಿಂತ ಹೆಚ್ಚಾಗಿ ಅಭಿಮಾನವೇ ಇತ್ತು.

ಹೊರಡುವಾಗ ಮಗನ ವಿಷಯ ಬಂತು. ಬೆಂಗಳೂರಿನ ಒಂದು ಕಂಪನಿಗೆ ಸೇರಿ ಹತ್ತು ತಿಂಗಳಾಗಿದೆ. ಎರಡು ವರ್ಷ ಬಿಡುವುದಿಲ್ಲ ಎಂದು ಬಾಂಡ್ ಬರೆಸಿಕೊಂಡು, ಮೂಲ ಅಂಕಪಟ್ಟಿಗಳನ್ನೂ ಅವರೇ ಇಟ್ಟುಕೊಂಡಿದ್ದಾರೆ. ಸಂಬಳ ತಿಂಗಳ ಇಪ್ಪತ್ತು ದಾಟಿದರೂ ಬರುವುದಿಲ್ಲ. ಬೇರೆ ಕಡೆ ಕೆಲಸ ಸಿಕ್ಕಿದೆ, ಹೋಗುವಂತಿಲ್ಲ.

ಒಂದೇ ಮನೆಯ ಎರಡು ತಲೆಮಾರು. ಅಮ್ಮ ಮನಸ್ಸಿನಿಂದ ಕೊಟ್ಟ ನಿಯತ್ತನ್ನು ಯಾರೂ ಬರೆದಿಡಲಿಲ್ಲ. ಮಗನ ನಿಯತ್ತನ್ನು ಕೆಲಸಕ್ಕೆ ಸೇರುವ ಮೊದಲೇ ಸ್ಟ್ಯಾಂಪ್ ಪೇಪರಿನಲ್ಲಿ ಬರೆಸಿಕೊಂಡರು. ಈ ವಾರ ನನ್ನನ್ನು ಕಾಡಿದ್ದು ಇದೇ.

ಯಜಮಾನ ಮತ್ತು ಕೆಲಸಗಾರನ ನಡುವಿನ ನಿಯತ್ತಿನ ಬಗ್ಗೆ ತುಳುನಾಡಿಗೆ ಯಾರೂ ಪಾಠ ಹೇಳಬೇಕಿಲ್ಲ. ನಮ್ಮ ಪಾಡ್ದನದ ಹಾಡುಗಳಲ್ಲೇ ಅದು ಇದೆ. ಕಾರ್ಕಳದ ಗೊಮ್ಮಟನನ್ನು ಕಡೆದ ಬೀರ ಕಲ್ಕುಡನ ಕಥೆ ಕೇಳದವರು ಇಲ್ಲಿ ಕಡಿಮೆ. ಇಂಥ ಮೂರ್ತಿ ಇನ್ನೊಂದು ಕಡೆ ಏಳಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದನಂತೆ. ಕಲ್ಕುಡ ಉಳಿದ ಒಂದೇ ಕೈ, ಒಂದೇ ಕಾಲಿನಲ್ಲಿ ವೇಣೂರಿಗೆ ಬಂದು ಅಲ್ಲಿ ಇನ್ನೊಬ್ಬ ಗೊಮ್ಮಟನನ್ನು ನಿಲ್ಲಿಸಿದ. ಇತಿಹಾಸದ ಲೆಕ್ಕದಲ್ಲಿ ಕಾರ್ಕಳದ ಮೂರ್ತಿ 1432ರದ್ದು, ಅಜಿಲ ಅರಸ ತಿಮ್ಮಣ್ಣನ ಕಾಲದ ವೇಣೂರಿನ ಮೂರ್ತಿ 1604ರದ್ದು. ನಡುವೆ 172 ವರ್ಷಗಳ ಅಂತರ, ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲು ಸಾಧ್ಯವಿಲ್ಲ. ಆದರೂ ಜನ ಈ ಎರಡು ಮೂರ್ತಿಗಳನ್ನು ಒಬ್ಬನ ಕೈಗೇ ಕಟ್ಟಿದರು. ಕೆಲಸ ಕಲಿತವನ ಕೈಯನ್ನು ಯಾವ ಯಜಮಾನನೂ ತನ್ನ ಸ್ವತ್ತು ಮಾಡಿಕೊಳ್ಳಲಾರ ಎಂಬ ಮಾತು ಅವರಿಗೆ ತಾರೀಕಿಗಿಂತ ದೊಡ್ಡದಾಗಿ ಕಂಡಿರಬೇಕು. ಕೈ ಕಡಿಸಿದ ಅರಸನಿಗೆ ಇಂದು ಯಾರೂ ದೀಪ ಇಡುವುದಿಲ್ಲ. ಕೈ ಕಳೆದುಕೊಂಡ ಕಲ್ಕುಡನಿಗೂ ಅವನ ಪರವಾಗಿ ಸಿಟ್ಟಿಗೆದ್ದ ತಂಗಿ ಕಲ್ಲುರ್ಟಿಗೂ ಕೋಲ ನಡೆಯುತ್ತದೆ. ಬಂಟ್ವಾಳ ತಾಲೂಕಿನ ಪಣೋಲಿಬೈಲಿನಲ್ಲಿ ಕಲ್ಲುರ್ಟಿಯ ಮುಂದೆ ನಿಂತು ಜನ ಈಗಲೂ ನ್ಯಾಯ ಕೇಳುತ್ತಾರೆ.

ಇನ್ನೊಂದು ಪಾಠ ನಮ್ಮ ಅಜ್ಜಂದಿರ ಕಾಲದ್ದು. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಮಾತಿನಲ್ಲಿ ಬೆಳೆದವರು ಅವರು. 1974ರ ಮಾರ್ಚ್ 1ರಂದು ದೇವರಾಜ ಅರಸು ಸರ್ಕಾರದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿಗೆ ಉಳುವ ಒಕ್ಕಲು ಫಾರ್ಮ್ 7ರಲ್ಲಿ ಡಿಕ್ಲರೇಶನ್ ಹಾಕಿದರೆ ಭೂ ನ್ಯಾಯ ಮಂಡಳಿ ವಿಚಾರಣೆ ನಡೆಸಿ ಭೂಮಿ ಕೊಡುತ್ತಿತ್ತು. ರಾಜ್ಯದಲ್ಲಿ ಈ ಕಾಯ್ದೆಯ ಫಲ ಹೆಚ್ಚಾಗಿ ಕಂಡ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಆದರೆ ಧಣಿಗಳ ಮುಖ ನೋಡಿ ಡಿಕ್ಲರೇಶನ್ ಹಾಕದೆ ಉಳಿದವರೂ ಇದ್ದರು. ಅನ್ನ ಹಾಕಿದ ಮನೆಯ ಎದುರು ಕಾಗದ ಹಿಡಿದು ಹೇಗೆ ನಿಲ್ಲುವುದು ಎಂದು ಹಿಂಜರಿದವರು ಅವರು. ಅಂಥ ಕೆಲವು ಮನೆಗಳ ಮೊಮ್ಮಕ್ಕಳು ಇಂದಿಗೂ ಐದು ಸೆಂಟ್ಸ್ ಜಾಗಕ್ಕಾಗಿ ಪಂಚಾಯತಿಗೆ ಅಲೆಯುತ್ತಿದ್ದಾರೆ. ಅಜ್ಜಂದಿರ ನಿಯತ್ತಿನಲ್ಲಿ ಕೊರತೆ ಇರಲಿಲ್ಲ, ಅದಕ್ಕೆ ದಾಖಲೆ ಇರಲಿಲ್ಲ ಅಷ್ಟೆ. ಮಾತಿನ ಮೇಲೆ ನಿಂತ ಸಂಬಂಧದಲ್ಲಿ ನಷ್ಟ ಯಾವಾಗಲೂ ಒಂದೇ ಕಡೆಗೆ ಬೀಳುತ್ತದೆ. ಇವತ್ತಿನ ಕಂಪನಿಗಳು "ನಾವೆಲ್ಲ ಒಂದೇ ಕುಟುಂಬ" ಎನ್ನುವಾಗ ನನಗೆ ನೆನಪಾಗುವುದು ಆ ಅಜ್ಜಂದಿರು.

ಬೀಡಿಯ ಕಥೆಯೂ ಕಾಗದದ ಕಥೆಯೇ. ಕಟ್ಟುವುದು ಮನೆಯ ಜಗಲಿಯಲ್ಲಿ. ಎಲೆ, ಹುಡಿ, ನೂಲು ಬ್ರಾಂಚಿನಿಂದ ಬರುತ್ತದೆ, ಕಟ್ಟಿದ ಬೀಡಿ ಬ್ರಾಂಚಿಗೇ ಹೋಗುತ್ತದೆ. ನಡುವೆ ಗುತ್ತಿಗೆದಾರ. ಹಾಗಾದರೆ ಜಗಲಿಯಲ್ಲಿ ಕುಳಿತ ಹೆಂಗಸು ಯಾರ ಕೆಲಸಗಾರ್ತಿ? ಈ ಪ್ರಶ್ನೆಗೆ ಉತ್ತರ ಪಡೆಯಲು ದಶಕಗಳೇ ಬೇಕಾದವು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಉದ್ಯಮಿಗಳು ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆ ತೀರ್ಪು ಕಾನೂನು ಪುಸ್ತಕಗಳಲ್ಲಿ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಪ್ರಕರಣ ಎಂದೇ ದಾಖಲಾಗಿದೆ. ಮನೆಯಲ್ಲಿ ಕುಳಿತು ಕಟ್ಟುವವರಿಗೂ ಪಿಎಫ್ ಸಲ್ಲಬೇಕು ಎಂಬುದನ್ನು ಸುಪ್ರೀಂ ಕೋರ್ಟಿನಿಂದ ಹೇಳಿಸಲು 1980ರ ದಶಕದವರೆಗೆ ಕಾಯಬೇಕಾಯಿತು. ಹೀಗೆ ಹೋರಾಡಿ ಗೆದ್ದದ್ದರಿಂದಲೇ ಬೋನಸ್, ರಜೆ ಸಂಬಳ, ಪಿಎಫ್ ಎಂಬ ಶಬ್ದಗಳು ಬೆಳ್ತಂಗಡಿಯ ಹಳ್ಳಿಮನೆಗಳ ಮಾತಿನೊಳಗೆ ಬಂದವು.

ಗಣೇಶ ಬೀಡಿ ವರ್ಕ್ಸ್ ಸಂಸ್ಥೆಯ ಇನ್ನೊಂದು ಪ್ರಕರಣವೂ ಇಲ್ಲಿ ನೆನೆಯತಕ್ಕದ್ದು. ಪಾಲುದಾರರ ನಡುವೆ ಭಿನ್ನಾಭಿಪ್ರಾಯ ಬಂದು ಹಳೆಯ ಸಂಸ್ಥೆ ವಿಸರ್ಜನೆಯಾಯಿತು. ನ್ಯಾಯಾಲಯದ ಉಸ್ತುವಾರಿಯಲ್ಲಿ ನಡೆದ ಹರಾಜಿನಲ್ಲಿ 1994ರಲ್ಲಿ ಮೂವರು ಪಾಲುದಾರರೇ 92 ಕೋಟಿ ರೂಪಾಯಿಗೆ ವ್ಯವಹಾರವನ್ನು ಕೊಂಡರು. ಆಮೇಲೆ ತೆರಿಗೆಯ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಟ್ರೇಡ್‌ಮಾರ್ಕ್, ತಾಂತ್ರಿಕ ತಿಳಿವಳಿಕೆಗಳಿಗೆ ಕೊಟ್ಟ ಬೆಲೆಯನ್ನೂ ಆಸ್ತಿಯಾಗಿ ಗಣಿಸಬೇಕೆಂಬ ವಾದವನ್ನು 2015ರಲ್ಲಿ ಕೋರ್ಟ್ ಒಪ್ಪಿತು. ಹೆಸರು, ತಿಳಿವಳಿಕೆ ಇವೆಲ್ಲ ಬೆಲೆ ಕಟ್ಟಬಹುದಾದ ಆಸ್ತಿ ಎನ್ನುವುದು ಸರಿಯಾದ ಮಾತು. ಅದೇ ನ್ಯಾಯದಲ್ಲಿ, ಒಂದೇ ಉದ್ದ, ಒಂದೇ ದಪ್ಪದಲ್ಲಿ ದಿನಕ್ಕೆ ಸಾವಿರ ಬೀಡಿ ಸುತ್ತುವ ಬೆರಳಿನ ತಿಳಿವಳಿಕೆಯೂ ಆಸ್ತಿಯೇ. ಅದಕ್ಕೆ ಬೆಲೆ ಬರುವುದು ಕೆಲಸಗಾರ್ತಿಯ ಪುಸ್ತಕದ ಮೂಲಕ ಮಾತ್ರ. ಪಿಂಚಣಿ ನಿಗದಿಯಾಗುವುದು ಸೇವೆಯ ವರ್ಷಗಳನ್ನೂ ಸಂಬಳವನ್ನೂ ನೋಡಿ. ಕನಿಷ್ಠ ಪಿಂಚಣಿ 2014ರಿಂದ ತಿಂಗಳಿಗೆ 1,000 ರೂಪಾಯಿಯಲ್ಲೇ ನಿಂತಿದೆ. ಅಂಥ ಮೊತ್ತದಲ್ಲಿ ಹದಿನಾಲ್ಕು ವರ್ಷ ಕಾಣೆಯಾಗುವುದೆಂದರೆ ಮುಪ್ಪಿನ ಗಂಜಿಯಿಂದ ಒಂದು ಸೌಟು ತೆಗೆದಂತೆ.

ಈಗ ಮಗನ ಬಾಂಡಿಗೆ ಬರೋಣ. ಅದಕ್ಕೂ ಮೊದಲು ಅವನು ಬೆಂಗಳೂರು ತಲುಪಿದ ಬಗೆಯನ್ನು ನೆನೆಯಬೇಕು. ಮಂಗಳೂರಿನಿಂದ ಬೆಂಗಳೂರಿಗೆ ಇಂಧನ ಸಾಗಿಸುವ ಕೊಳವೆ ಮಾರ್ಗದ ಪಂಪಿಂಗ್ ಸ್ಟೇಷನ್ ನಮ್ಮ ನೆರಿಯದಲ್ಲಿದೆ. ಘಟ್ಟ ಹತ್ತಬೇಕಾದರೆ ಬುಡದಲ್ಲಿ ಯಾರೋ ಒತ್ತಡ ಕೊಡಲೇಬೇಕು. ನಮ್ಮ ಮಕ್ಕಳನ್ನು ಘಟ್ಟ ಹತ್ತಿಸಿದ್ದು ಅಮ್ಮಂದಿರ ಬೆರಳು. ಬೀಡಿಯ ಹಣದಲ್ಲಿ ಕಟ್ಟಿದ ಫೀಸಿಗೆ ಸಿಕ್ಕ ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾವ ಕಂಪನಿಗೂ ಇಲ್ಲ.

ಬಾಂಡಿನ ಬಗ್ಗೆ ಕಾನೂನು ಏನೆನ್ನುತ್ತದೆ ಎಂಬುದನ್ನು ಹುಡುಗರು ಸರಿಯಾಗಿ ತಿಳಿದಿರಬೇಕು. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಒಬ್ಬನ ಉದ್ಯೋಗ ವ್ಯಾಪಾರಕ್ಕೆ ಅಡ್ಡಿ ಮಾಡುವ ಒಪ್ಪಂದ ಅಷ್ಟರಮಟ್ಟಿಗೆ ಅಸಿಂಧು. ಹಾಗೆಂದು ಎಲ್ಲ ಬಾಂಡುಗಳೂ ಬಿದ್ದುಹೋಗುವುದಿಲ್ಲ. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ನಮ್ಮ ಜಿಲ್ಲೆಯದೇ ವಿಜಯಾ ಬ್ಯಾಂಕಿಗೆ ಸಂಬಂಧಿಸಿದ್ದು. ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತಿನ ಮೇಲೆ ಸೇರಿದ್ದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋದರು. ಕರ್ನಾಟಕ ಹೈಕೋರ್ಟ್ ಷರತ್ತನ್ನು ರದ್ದು ಮಾಡಿತ್ತು, ಸುಪ್ರೀಂ ಕೋರ್ಟ್ ಅದು ಸಿಂಧು ಎಂದಿತು. ಸರ್ಕಾರಿ ಬ್ಯಾಂಕು ಬಹಿರಂಗ ನೇಮಕಾತಿಗೆ ಸಮಯ, ಹಣ ಖರ್ಚು ಮಾಡುತ್ತದೆ, ಅಧಿಕಾರಿಯ ಸಂಬಳಕ್ಕೆ ಹೋಲಿಸಿದರೆ ಆ ಮೊತ್ತ ಅತಿಯಲ್ಲ ಎಂಬುದು ತೀರ್ಪಿನ ಸಾರ. ಆ ಪ್ರಕರಣದ ಮಟ್ಟಿಗೆ ತೀರ್ಪು ನ್ಯಾಯವೇ. ಆದರೆ ಅದನ್ನೇ ತೋರಿಸಿ, ನಾಲ್ಕು ವಾರ ತರಬೇತಿ ಕೊಟ್ಟು ಹದಿನೆಂಟು ಸಾವಿರ ಸಂಬಳದ ಹುಡುಗನಿಂದ ಲಕ್ಷಗಟ್ಟಲೆ ಬರೆಸಿಕೊಳ್ಳುವುದು ನ್ಯಾಯವಲ್ಲ.

ಇಲ್ಲಿ ಇನ್ನೊಂದು ವಿಷಯವಿದೆ. 1931ರಲ್ಲಿ ಎ.ಬಿ. ಶೆಟ್ಟರು ಮಂಗಳೂರಿನಲ್ಲಿ ಕಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಸರಿಯಾಗಿ ಒಂದು ವರ್ಷದ ಬಳಿಕ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿದವು. ಮೂರು ವರ್ಷ ಉಳಿಯಲೇಬೇಕೆಂದು ಕೇಳಿದ ಬ್ಯಾಂಕೇ ತೀರ್ಪಿನ ದಿನ ಉಳಿದಿರಲಿಲ್ಲ. ನೌಕರರ ಕೆಲಸ ಹೋಗಲಿಲ್ಲ ನಿಜ. ಆದರೆ ಮೂವತ್ತು ವರ್ಷ "ನಮ್ಮ ಬ್ಯಾಂಕು" ಎಂದವರನ್ನು ಬೋರ್ಡ್ ಇಳಿಸುವ ಮುಂಚೆ ಯಾರೂ ಕೇಳಲಿಲ್ಲ. ಸಂಸ್ಥೆಗೆ ವಿಲೀನವಾಗುವ, ಮಾರಾಟವಾಗುವ, ಬಾಗಿಲು ಹಾಕುವ ಸ್ವಾತಂತ್ರ್ಯವಿದೆ. ಕೆಲಸಗಾರ ಹೊರಟಾಗ ಮಾತ್ರ ಅದು ದ್ರೋಹ ಎನಿಸಿಕೊಳ್ಳಬಾರದು.

ಉದ್ಯೋಗದಾತರಿಗೂ ನೋವಿದೆ, ಅದನ್ನು ಮರೆಯಬಾರದು. ಉಜಿರೆ, ಬೆಳ್ತಂಗಡಿಯ ಗ್ಯಾರೇಜು, ಹೋಟೆಲು, ಅಂಗಡಿಗಳವರು ಕೆಲಸ ಕಲಿಸಿದ ಹುಡುಗ ಹೇಳದೆ ಕೇಳದೆ ಮರುದಿನ ಎದುರು ಅಂಗಡಿಯಲ್ಲಿ ನಿಂತಿರುವುದನ್ನು ಕಂಡಿದ್ದಾರೆ. ಅಡಿಕೆ ಕೊಯ್ಲಿನ ಹೊತ್ತಿಗೆ ಮುಂಗಡ ಪಡೆದವರು ಫೋನ್ ಎತ್ತುವುದಿಲ್ಲ. ಕೆಲಸಗಾರನ ನಿಯತ್ತು ಎಂದರೆ ಸಾಯುವವರೆಗೆ ಒಂದೇ ಕಡೆ ಇರುವುದಲ್ಲ. ಇರುವಷ್ಟು ದಿನ ಮನಸ್ಸಿಟ್ಟು ದುಡಿಯುವುದು, ಹೋಗುವಾಗ ಹೇಳಿ ಹೋಗುವುದು, ಕೈಯಲ್ಲಿದ್ದ ಕೆಲಸವನ್ನು ಇನ್ನೊಬ್ಬರಿಗೆ ದಾಟಿಸಿ ಹೋಗುವುದು. ಆದರೆ ಮುಂಗಡ ಕೊಟ್ಟ ಮಾತ್ರಕ್ಕೆ ಬೇರೆಡೆ ದುಡಿಯಬಾರದೆಂದು ಕಟ್ಟಿಹಾಕಿದರೆ ಅದು ಜೀತವಾಗುತ್ತದೆ. ಜೀತ ಪದ್ಧತಿ ಈ ದೇಶದಲ್ಲಿ 1976ರ ಕಾಯ್ದೆಯಿಂದಲೇ ನಿಷಿದ್ಧ.

ಯಜಮಾನರ ನಿಯತ್ತು ಎಂದರೇನೆಂದು ಕೇಳಿದರೆ ನಮ್ಮ ಗಂಡಿಬಾಗಿಲು ಕಡೆಯ ರಬ್ಬರ್ ತೋಟಗಳನ್ನು ತೋರಿಸುತ್ತೇನೆ. ಒಳ್ಳೆಯ ಟ್ಯಾಪರ್ ಬೆಳಕು ಹರಿಯುವ ಮುಂಚೆ ಬಂದು ತೊಗಟೆಯನ್ನು ಎಷ್ಟು ಬೇಕೋ ಅಷ್ಟೇ ಕೆತ್ತುತ್ತಾನೆ. ಕತ್ತಿ ತೊಗಟೆ ದಾಟಿ ಒಳಮರಕ್ಕೆ ತಾಗಿದರೆ ಆ ದಿನ ಹಾಲು ಬಂದರೂ ಮರಕ್ಕೆ ಗಾಯವಾಗುತ್ತದೆ, ಹೊಸ ತೊಗಟೆ ನೆಟ್ಟಗೆ ಕೂಡುವುದಿಲ್ಲ. ವರ್ಷಗಟ್ಟಲೆ ಹಾಲು ಬೇಕೆನ್ನುವವನು ಮರವನ್ನು ಕಾಯುತ್ತಾನೆ. ಮನುಷ್ಯರ ದುಡಿಮೆಗೆ ಬೇಕಾದ ಕಾಳಜಿ ಅದಕ್ಕಿಂತ ಕಡಿಮೆಯದಾಗಲು ಸಾಧ್ಯವೇ?

ಕಾನೂನೂ ಈಗ ಸ್ವಲ್ಪ ಮುಂದೆ ಬಂದಿದೆ. 29 ಕಾಯ್ದೆಗಳನ್ನು ಒಗ್ಗೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ಕೆಲಸಕ್ಕೆ ಸೇರಿಸಿಕೊಂಡವರಿಗೆ ನೇಮಕಾತಿ ಪತ್ರ ಕೊಡಬೇಕು. ಕೆಲಸ ಬಿಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ನಿಗದಿತ ಅವಧಿಯ ಕೆಲಸಗಾರರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಸಿಗಬೇಕು. ಖಾಯಂ ನೌಕರರಿಗೆ ಐದು ವರ್ಷದ ನಿಯಮ ಇದ್ದೇ ಇದೆ. 20,000 ರೂಪಾಯಿ ಸಂಬಳದಲ್ಲಿ ಹತ್ತು ವರ್ಷ ದುಡಿದವರಿಗೆ ಬರಬೇಕಾದ ಗ್ರಾಚ್ಯುಟಿ ಸುಮಾರು 1 ಲಕ್ಷ 15 ಸಾವಿರ ರೂಪಾಯಿ. ಇದು ಯಾರೂ ದಯೆಯಿಂದ ಕೊಡುವ ಉಡುಗೊರೆಯಲ್ಲ, ದುಡಿದು ಕೂಡಿಟ್ಟದ್ದು.

ಓದುಗರಲ್ಲಿ ನನ್ನದೊಂದು ಕೋರಿಕೆ. ಪ್ರತಿ ಮನೆಯಲ್ಲೂ ಅಕ್ಕನ ಮನೆಯಲ್ಲಿರುವಂಥ ಒಂದು ತೊಟ್ಟೆ ಇದ್ದೇ ಇರುತ್ತದೆ. ಈ ಭಾನುವಾರ ಅದನ್ನು ಬಿಚ್ಚಿ. ಅಮ್ಮನ ಬೀಡಿ ಪುಸ್ತಕ, ಅಣ್ಣನ ಪಿಎಫ್, ತಂಗಿಯ ನೇಮಕಾತಿ ಪತ್ರ ತೆಗೆದು ಸೇರಿದ ದಿನಾಂಕ ಸರಿಯಿದೆಯೇ, ಹೆಸರು ಆಧಾರ್ ಜತೆ ತಾಳೆಯಾಗುತ್ತದೆಯೇ, ನಾಮಿನಿ ಯಾರು ಎಂದು ನೋಡಿ. ನೀವೇ ನಾಲ್ಕು ಜನರಿಗೆ ಕೆಲಸ ಕೊಡುವವರಾದರೆ ಅವರು ಸೇರಿದ ದಿನವನ್ನು ಇವತ್ತೇ ಬರೆದು, ಸಹಿ ಹಾಕಿ, ಒಂದು ಪ್ರತಿ ಅವರ ಕೈಗೆ ಕೊಡಿ. ನಿಯತ್ತು ಬೇಕೆನ್ನುವವರು ಮೊದಲು ಲೆಕ್ಕ ಕೊಡಬೇಕು. ಅಕ್ಕನ ಹದಿನಾಲ್ಕು ವರ್ಷ ಇನ್ನು ಯಾವ ಪುಸ್ತಕಕ್ಕೂ ಬರುವುದಿಲ್ಲ. ನಾಳೆ ಬೆಳಿಗ್ಗೆ ಕೆಲಸಕ್ಕೆ ಸೇರುವವರ ಮೊದಲ ದಿನವಾದರೂ ತಪ್ಪಿಹೋಗದಿರಲಿ.